ನೀರು ತೂಗಿ ಹೈಡ್ರೋಜನ್ ಎಂದವರು

ಸಂಸ್ಥೆಯ ವಸತಿಗೃಹ, ಮೂರನೇ ಮಹಡಿ
ಶನಿವಾರ ಮಧ್ಯಾಹ್ನ, ಮಾರ್ಚ್ ೧೪

ಪ್ರೀತಿಯ ಅತ್ತೆಗೆ ಸೊಸೆಯ ನಮಸ್ಕಾರ.

ಕಣ್ಣು ಹೇಗಿದೆ? ಆಪರೇಷನ್ನಿನ ಪಟ್ಟಿ ಬಿಚ್ಚಿದ್ದಾರೆ ಎಂದು ಕೇಳಿದೆ. ಡಾಕ್ಟರು ಬಗ್ಗಬೇಡಿ ಎಂದು ಹೇಳಿ ಆಚೆ ಹೋಗುವುದರೊಳಗೆ ನೀವು ಮಂಚದ ಕೆಳಗೆ ಚಪ್ಪಲಿ ಹುಡುಕಲು ಬಗ್ಗಿದ್ದಿರಂತೆ. ಚಪ್ಪಲಿ ತಾನಾಗಿ ಎಲ್ಲಿಗೂ ನಡೆದುಹೋಗುವುದಿಲ್ಲ, ಬಿಡಿ. ಹನಿ ಹಾಕಿಸಿಕೊಳ್ಳುವಾಗ ಎಳೆಮಕ್ಕಳ ಹಾಗೆ ಮುಖ ತಿರುಗಿಸಬೇಡಿ. ಇಲ್ಲಿ ನಿಮ್ಮ ಕೋಣೆ ಹೇಗಿತ್ತೋ ಹಾಗೇ ಇದೆ. ಕಿಟಕಿಯ ಗಿಡಕ್ಕೆ ನೀವು ಹೇಳಿದ್ದಕ್ಕಿಂತ ಹೆಚ್ಚು ನೀರು ಹಾಕಿ ಎರಡು ಎಲೆ ಹಳದಿ ಮಾಡಿದ್ದೇನೆ. ಬಂದ ಮೇಲೆ ಬೈಯಲು ನಿಮಗೂ ಏನಾದರೂ ಇರಲಿ.

ಇದನ್ನು ನಿಮ್ಮ ಮಗಳು ಪುಟ್ಟಿ ನಿಮಗೆ ಓದಿ ಹೇಳಬೇಕು. ಪುಟ್ಟಿ, ಸಾಲು ಹಾರಿಸಬೇಡ. ನಿನ್ನ ಅಣ್ಣನನ್ನು ಬೈದ ಕಡೆಯೆಲ್ಲ ನಿನಗೆ ಕೆಮ್ಮು ಬರುತ್ತದೆ ಎಂದು ನನಗೆ ಗೊತ್ತಿದೆ. ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ ಅತ್ತೆ. ಫೋನಿನಲ್ಲಿ ನೀವು ಭಾಷಣ ಮಾಡುತ್ತೀರಿ, ನಾನು ಸಭಿಕಳಾಗಿ ಕೂತಿರಬೇಕು. ಕಾಗದಕ್ಕೆ ನೀವು ಅಡ್ಡ ಬಾಯಿ ಹಾಕಲಾಗುವುದಿಲ್ಲ.

ಬುಧವಾರ ನೀವು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ನೋಡಮ್ಮಾ, ಅದ್ಯಾರೋ ಹುಡುಗಿ, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನನ್ನ ಮಗ ಒದ್ದಾಡಿ ಒದ್ದಾಡಿ ಹೆಸರು ಮಾಡ್ಕೊಂಡಿದಾನೆ. ನೀನೊಂದು ಸೈನ್ ಹಾಕ್ಬಿಟ್ಟು ಸುಮ್ನೆ ಮನೆಗೆ ಬಾ.” ನಾನು ಫೋನ್ ಇಟ್ಟುಬಿಟ್ಟೆ. ಈ ಮನೆಗೆ ಬಂದಮೇಲೆ ನಿಮ್ಮ ಮಾತಿನ ಮಧ್ಯೆ ಎದ್ದುಹೋದದ್ದು ಇದೇ ಮೊದಲು. ಕ್ಷಮೆ ಕೇಳುವುದಿಲ್ಲ. ನಿಮ್ಮ ಮಗ ನಿಮಗೆ ಅರ್ಧ ಹೇಳಿದ್ದಾನೆ, ಅದೂ ತನಗೆ ಬೇಕಾದ ಅರ್ಧ. ಉಳಿದದ್ದನ್ನು ನನ್ನಿಂದ ಕೇಳಿ. ಅವನನ್ನು ‘ಅವನು’ ಎನ್ನುತ್ತೇನೆ ಎಂದು ಪುಟ್ಟಿ ಹುಬ್ಬು ಗಂಟಿಕ್ಕುವುದು ಬೇಡ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕೈ ಸುಟ್ಟುಕೊಂಡವರು ನಾವು. ಮರ್ಯಾದೆಯ ಬಹುವಚನ ಬೇಕಾದರೆ ಮರ್ಯಾದೆಯ ಕೆಲಸ ಮಾಡಲಿ, ಅಂದಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಕೆಲಸವನ್ನು ನಿಮಗೆ ಒಮ್ಮೆ ಹೇಳಿದ್ದೆ. ಹೈಡ್ರೋಜನ್ ಒಳ್ಳೆಯ ಉರುವಲು, ಉರಿದರೆ ನೀರಷ್ಟೇ ಉಳಿಯುತ್ತದೆ. ಆದರೆ ಹಿಡಿದಿಡುವುದು ಕಷ್ಟ, ಗಾಳಿಗಿಂತ ಹಗುರವಾದ ಜಾತಿ. ಒಂದೋ ದಪ್ಪ ಸಿಲಿಂಡರಿನಲ್ಲಿ ತುರುಕಬೇಕು, ಇಲ್ಲವೇ ಅದನ್ನು ಒಳಗೆ ಹೀರಿಕೊಂಡು ಕೇಳಿದಾಗ ಬಿಟ್ಟುಕೊಡುವ ಪುಡಿಯೊಂದು ಬೇಕು. ನಿಮ್ಮ ಮಗನದು ಪುಡಿಯ ದಾರಿ. ನನ್ನದು ಅಮೋನಿಯಾದ ದಾರಿ: ಹೈಡ್ರೋಜನ್ನನ್ನು ಸಾರಜನಕದ ಬೆನ್ನಿಗೆ ಕಟ್ಟಿ ಕಳಿಸು, ಮುಟ್ಟಬೇಕಾದ ಕಡೆ ಮುಟ್ಟಿದ ಮೇಲೆ ಬಿಚ್ಚಿಕೋ. ಹಾಗೆ ಬಿಚ್ಚಲು ಬೇಕಾಗುವ ಬಿಸಿಯನ್ನು ಕಡಿಮೆ ಮಾಡುವುದು ನನ್ನ ಹೊಟ್ಟೆಪಾಡು. ನಾನು ಈ ಮನೆಗೆ ಬಂದ ಹೊಸತರಲ್ಲಿ ನೀವು ನನ್ನ ಕೋಟು ಮೂಸಿ, “ಇವಳು ನಮ್ಮ ಕಾರ್ಖಾನೆ ವಾಸನೆ ಹೊತ್ಕೊಂಡು ಬಂದಿದಾಳೆ ಕಣೋ” ಎಂದು ಮಗನಿಗೆ ಕೂಗಿ ಹೇಳಿದ್ದಿರಿ. ಮಂಜುಗಡ್ಡೆ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ನಿಮಗೆ ಅಮೋನಿಯಾ ಎಂದರೆ ಏನು ಎಂದು ನಾನು ಹೇಳಿಕೊಡಬೇಕಾಗಿರಲಿಲ್ಲ. ಅತ್ತೆ ಸೊಸೆ ಮೊದಲ ದಿನವೇ ಒಂದಾದದ್ದು ಒಂದು ಕೆಟ್ಟ ವಾಸನೆಯಿಂದ ಎಂದರೆ ಯಾರು ನಂಬುತ್ತಾರೆ.

ಈಗ ಎಂಟರ ಕಥೆ. ಹೋದ ವರ್ಷ ನಿಮ್ಮ ಮಗನ ಪುಡಿ ತನ್ನ ತೂಕದ ನೂರಕ್ಕೆ ಎಂಟರಷ್ಟು ಹೈಡ್ರೋಜನ್ ಹೀರಿತು ಎಂದು ತಕ್ಕಡಿ ತೋರಿಸಿತು. ಅಷ್ಟು ಒಳ್ಳೆಯ ಅಂಕಿ ಬಂದರೆ ವಿಜ್ಞಾನಿಯಾದವನು ಮೊದಲು ಮಾಡಬೇಕಾದದ್ದು ಅನುಮಾನ. ನಮ್ಮವರು ಮಾಡಿದ್ದು ಪತ್ರಿಕಾಗೋಷ್ಠಿ. ನಮ್ಮ ನಿರ್ದೇಶಕರು ನಿಮಗೆ ಗೊತ್ತಲ್ಲ, ಎಲ್ಲಿ ರಿಬ್ಬನ್ ಕಂಡರೂ ಕತ್ತರಿಸಲು ಜೇಬಿನಲ್ಲೇ ಕತ್ತರಿ ಇಟ್ಟುಕೊಂಡು ತಿರುಗುವವರು. ಇಡೀ ಸಂಸ್ಥೆ ಅವರನ್ನು ಕತ್ತರಿ ಸಾಹೇಬರು ಎಂದೇ ಕರೆಯುತ್ತದೆ, ಅವರ ಡ್ರೈವರ್ ಕೂಡ. ಕತ್ತರಿ ಸಾಹೇಬರಿಗೆ ಎಂಟು ಸಿಕ್ಕಿದ್ದು ಹಸಿದವನಿಗೆ ಹೋಳಿಗೆ ಸಿಕ್ಕಿದ ಹಾಗಾಯಿತು. ಗೇಟಿನಲ್ಲಿ ಎಂಟು, ಕ್ಯಾಲೆಂಡರಿನಲ್ಲಿ ಎಂಟು, ಕ್ಯಾಂಟೀನಿನ ಗೋಡೆಯ ಮೇಲೂ ಹಸಿರು ಬಣ್ಣದಲ್ಲಿ ಮನುಷ್ಯನೆತ್ತರದ ಎಂಟು. ಅದರ ಕೆಳಗೆ ಕೂತು ಉಣ್ಣುವಾಗ ನನಗೆ ಅನ್ನ ಇಳಿಯುತ್ತಿರಲಿಲ್ಲ. ನಿಮ್ಮ ಮಗ ಅದರ ಕೆಳಗೇ ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ.

ಆ ತಕ್ಕಡಿಗೆ ಹೋಗುವ ಗ್ಯಾಸಿನಲ್ಲಿ ತೇವ ಇರಬಾರದು ಎಂದು ದಾರಿಯಲ್ಲಿ ಒಂದು ಗಾಜಿನ ಕೊಳವೆ ಇದೆ. ಅದರ ತುಂಬ ತೇವ ಹೀರುವ ಮಣಿಗಳು. ಒಣಗಿದ್ದಾಗ ನೀಲಿ, ನೀರು ಕುಡಿದು ಹೊಟ್ಟೆ ತುಂಬಿದಾಗ ಗುಲಾಬಿ. ಗುಲಾಬಿಯಾದರೆ ಕೊಳವೆ ಬಿಚ್ಚಿ ಮಣಿಗಳನ್ನು ಒಲೆಯಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಬೇಕು. ಇದಕ್ಕೆ ಪಿಎಚ್‌ಡಿ ಬೇಡ, ಕಣ್ಣಿದ್ದರೆ ಸಾಕು. ಆದರೆ ಕಾಯಿಸುವ ದಿನ ಯಂತ್ರ ನಿಲ್ಲಿಸಬೇಕು, ಯಂತ್ರ ನಿಂತಿದ್ದರೆ ನೋಡಲು ಬಂದ ದೊಡ್ಡವರಿಗೆ ತೋರಿಸಲು ಏನೂ ಇರುವುದಿಲ್ಲ. ನಮ್ಮಲ್ಲಿ ದೊಡ್ಡವರು ಬರುವುದು ನಿಲ್ಲುವುದೇ ಇಲ್ಲ. ಹಾಗಾಗಿ ಮಣಿಗಳು ತಿಂಗಳುಗಟ್ಟಲೆ ಗುಲಾಬಿಯಾಗಿಯೇ ಇದ್ದವು. ಗ್ಯಾಸಿನ ಜೊತೆ ನೀರಿನ ತೇವವೂ ಹೋಗಿ ಪುಡಿಗೆ ಸೇರಿತು. ಪುಡಿ ಭಾರವಾಯಿತು. ಇವರು ನೀರು ತೂಗಿ ಹೈಡ್ರೋಜನ್ ಎಂದರು. ಇಷ್ಟೇ ಅತ್ತೆ ಆ ಎಂಟು. ಹಾಲಿಗೆ ನೀರು ಬೆರೆಸಿ ಮಾರುವವನನ್ನು ನೀವು ಓಣಿಯ ಮಧ್ಯೆ ನಿಲ್ಲಿಸಿ ಉಗಿಯುತ್ತೀರಿ. ಅವನಿಗಾದರೂ ತಾನು ನೀರು ಬೆರೆಸಿದ್ದು ಗೊತ್ತಿರುತ್ತದೆ, ಹಾಲು ಹೆಚ್ಚಾಯಿತೆಂದು ಸನ್ಮಾನ ಮಾಡಿಸಿಕೊಳ್ಳುವುದಿಲ್ಲ.

ನೀವು ‘ಅದ್ಯಾರೋ ಹುಡುಗಿ’ ಎಂದಿರಲ್ಲ, ಅವಳು ಆ ಪ್ರಯೋಗಾಲಯದ ಸಹಾಯಕಿ, ಗುತ್ತಿಗೆಯವಳು. ಬಾಯಿ ನಿಲ್ಲುವುದಿಲ್ಲ ಎಂದು ಎಲ್ಲರೂ ರೇಡಿಯೋ ಎನ್ನುತ್ತಾರೆ. ಫೆಬ್ರವರಿ ಕೊನೆಯಲ್ಲಿ ಒಂದು ದೊಡ್ಡ ತಂಡ ಬಂತು, ನಾನೂ ಅಲ್ಲೇ ಇದ್ದೆ. ಪುಡಿಯನ್ನು ಕಣ್ಣಾರೆ ನೋಡಬೇಕು ಎಂದಿತು. ಆ ಪುಡಿಗೆ ಗಾಳಿ ಸೋಕಬಾರದು, ಕೈಗವಸು ಜೋಡಿಸಿದ ಗಾಜಿನ ಪೆಟ್ಟಿಗೆಯೊಳಗೇ ಡಬ್ಬಿ ತೆರೆಯಬೇಕು. ರೇಡಿಯೋ ಹಾಗೆಂದೇ ಹೇಳಿದಳು. ಕತ್ತರಿ ಸಾಹೇಬರು, “ಗಾಜು ಹೊಳೆಯುತ್ತೆ, ಫೋಟೋ ಸರಿಯಾಗಿ ಬರಲ್ಲ. ಮೇಜಿನ ಮೇಲೆ ತೆಗಿ” ಎಂದರು. ಅವಳು ನಿಮ್ಮ ಮಗನ ಮುಖ ನೋಡಿದಳು. ನಿಮ್ಮ ಮಗ ಬಂದವರ ಮುಖ ನೋಡಿದ. ಅವಳು ಮುಚ್ಚಳ ಸಡಿಲಿಸುತ್ತಿದ್ದ ಹಾಗೇ ಡಬ್ಬಿ ಬುಸ್ ಎಂದು ಉಗುಳಿತು. ನೀರು ಕುಡಿದ ಪುಡಿ ಮುಚ್ಚಿದ ಡಬ್ಬಿಯೊಳಗೆ ಸುಮ್ಮನೆ ಕೂತಿರುತ್ತದೆಯೇ, ಅದರಲ್ಲೂ ಸಾರಜನಕ ಇದೆ, ಅಮೋನಿಯಾ ಬಿಡುತ್ತದೆ, ಒತ್ತಡ ಕಟ್ಟುತ್ತದೆ. ಉಳಿದದ್ದು ಸುಡುವ ಕ್ಷಾರ. ಅದು ಅವಳ ಬಲಗೈಯ ಮೇಲೆ ಬಿತ್ತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ನಿಮ್ಮ ಕಣ್ಣಿಗೆ ಹನಿ ಹಾಕುವಾಗ ಒಂದು ಸಲ ಅವಳನ್ನು ನೆನೆಸಿಕೊಳ್ಳಿ.

ಬಂದವರೆಲ್ಲ ಮೂಗು ಮುಚ್ಚಿಕೊಂಡು ಓಡಿದರು. ಕತ್ತರಿ ಸಾಹೇಬರು ಎಲ್ಲರಿಗಿಂತ ಮೊದಲು ಓಡಿದರು, ಅದೊಂದು ವಿಷಯದಲ್ಲಿ ಅವರ ನಾಯಕತ್ವವನ್ನು ಒಪ್ಪಬೇಕು. ಕೈಯನ್ನು ನಲ್ಲಿಯ ಕೆಳಗೆ ಹಿಡಿದದ್ದು ನಾನು ಮತ್ತು ಕಸ ಗುಡಿಸುವಾಕೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ರೇಡಿಯೋ ಹಲ್ಲು ಕಚ್ಚಿಕೊಂಡು ಕೇಳಿದಳು, “ಅಕ್ಕಾ, ಎಂಟು ಪರ್ಸೆಂಟ್ ಅಂತಾರಲ್ಲ, ಅದ್ರಲ್ಲಿ ನನ್ನ ಚರ್ಮ ಎಷ್ಟು ಪರ್ಸೆಂಟು?” ನನಗೆ ನಗು ಬರಲಿಲ್ಲ, ಅವಳಿಗೆ ಬಂತು.

ಮಾರನೇ ದಿನ ನಾನು ಆ ಕೋಣೆಗೆ ಹೋದಾಗ ಕೊಳವೆಯಲ್ಲಿ ಹೊಸ ಮಣಿಗಳು. ಅಂಗಡಿಯಿಂದ ಈಗಷ್ಟೇ ತಂದ ಸೀರೆಯ ಹಾಗೆ ಕಡುನೀಲಿ. ಹಳೆಯವು ಕಸಕ್ಕೆ ಹೋಗಿವೆ. ತಿಂಗಳುಗಟ್ಟಲೆ ಯಾರಿಗೂ ಪುರುಸೊತ್ತಿಲ್ಲದ ಕೆಲಸ ಒಂದು ಕೈ ಸುಟ್ಟಮೇಲೆ ಬೆಳಕು ಹರಿಯುವುದರೊಳಗೆ ಆಗಿಬಿಟ್ಟಿತ್ತು. ಇವರಿಗೆ ಚುರುಕು ಇಲ್ಲ ಎಂದವರು ಯಾರು?

ಸುರಕ್ಷತಾ ಸಮಿತಿ ಕೂತಿತು. ಸಮಿತಿ ಎಂದರೆ ಕ್ಯಾಂಟೀನಿನ ಉಸ್ತುವಾರಿಯವರು, ಲೆಕ್ಕಪತ್ರದವರು, ನಿವೃತ್ತಿಗೆ ಕಾಯುತ್ತ ಕಣ್ಣು ಮುಚ್ಚಿರುವ ಭೌತಶಾಸ್ತ್ರದ ಹಿರಿಯರು, ಮತ್ತು ನಾನು. ವರದಿ ಮೊದಲೇ ಬರೆದು ತಂದಿದ್ದರು. ಸಹಾಯಕಿ ಒದ್ದೆ ಚಮಚ ಹಾಕಿದ್ದರಿಂದ ಅವಘಡ ಆಯಿತಂತೆ. ಚಮಚ ಮೇಜಿನ ಆ ತುದಿಯಲ್ಲಿ ಕಾಗದದಲ್ಲಿ ಸುತ್ತಿಟ್ಟ ಹಾಗೇ ಇತ್ತು, ನಾನೇ ನೋಡಿದ್ದೇನೆ. ಮುಚ್ಚಳ ಪೂರ್ತಿ ತೆರೆಯುವ ಮೊದಲೇ ಡಬ್ಬಿ ಉಗುಳಿತ್ತು. ಹಾಗಾದರೆ ಚಮಚ ಒಳಗೆ ಹೋದದ್ದು ಎಲ್ಲಿಂದ ಎಂದು ಕೇಳಿದೆ. ಕ್ಯಾಂಟೀನಿನವರು, “ಹುಡುಗೀರು ಅವಸರ ಮಾಡ್ತಾರೆ ಮೇಡಂ” ಎಂದರು. ಚಮಚದ ವಿಷಯದಲ್ಲಿ ಅವರೇ ತಜ್ಞರಿರಬೇಕು. ಅಮೋನಿಯಾ ವಾಸನೆ ಬಂತಲ್ಲ, ಒಣ ಪುಡಿ ಯಾಕೆ ನಾರುತ್ತದೆ ಎಂದು ಕೇಳಿದೆ. ಅದು ನನ್ನ ಕೋಣೆಯಿಂದ ಬಂದದ್ದಂತೆ. ನನ್ನ ಕೋಣೆಯ ಸೆನ್ಸರ್ ಅವತ್ತು ಮಿಸುಕಿಲ್ಲ. ನನ್ನ ಅಮೋನಿಯಾ ಒಂದು ಹನಿ ಸೋರಿದರೂ ಇಡೀ ಕಟ್ಟಡಕ್ಕೆ ಕೂಗಿ ಹೇಳುತ್ತದೆ, ಅದಕ್ಕೆ ಕದ್ದು ಬರುವುದು ಗೊತ್ತಿಲ್ಲ. ಇವರ ಹೈಡ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದರ ಹೆಸರಿನಲ್ಲಿ ಏನು ಬೇಕಾದರೂ ಹೇಳಬಹುದು ಎಂದುಕೊಂಡಿದ್ದಾರೆ.

ಒದ್ದೆ ಚಮಚ ಯಾಕೆ ಬೇಕಾಯಿತು ಎಂದು ನಿಮಗೆ ತಿಳಿಯಿತಲ್ಲ? ಗ್ಯಾಸು ಒದ್ದೆ ಎಂದು ಒಪ್ಪಿದರೆ ಹುಡುಗಿ ಉಳಿಯುತ್ತಾಳೆ, ಎಂಟು ಸಾಯುತ್ತದೆ. ಎಂಟು ಉಳಿಯಬೇಕಾದರೆ ಹುಡುಗಿಯೇ ಒದ್ದೆಯಾಗಬೇಕು. ‘ಅಜಾಗರೂಕತೆ’ ಎಂದು ಬರೆದು ಕಳಿಸಿದ ಮೇಲೆ ಇನ್ನೊಂದು ಪ್ರಯೋಗಾಲಯ ಅವಳನ್ನು ಒಳಗೆ ಬಿಡುವುದಿಲ್ಲ. ಕೈಯ ಚಿಕಿತ್ಸೆಯೂ ಅವಳ ಕರ್ಮ ಎಂದಾಗುತ್ತದೆ. ‘ನಾಳೆ ಇನ್ನೆಲ್ಲೋ’ ಎಂದಿರಲ್ಲ, ಆ ಇನ್ನೆಲ್ಲೋ ಎಂಬ ಜಾಗ ಯಾವುದು ಎಂದು ನೀವೇ ಹೇಳಿ.

ನಾನು ಸುಮ್ಮನೆ ಬಾಯಿ ಮಾಡಿಲ್ಲ. ಅದೇ ಪುಡಿಯನ್ನು ತೆಗೆದುಕೊಂಡು, ಗ್ಯಾಸಿನ ದಾರಿಯಲ್ಲಿ ತೇವವೆಲ್ಲ ಹೆಪ್ಪುಗಟ್ಟಿ ನಿಲ್ಲುವಂತೆ ತಣ್ಣನೆಯ ಬಲೆ ಇಟ್ಟು, ಹಗಲಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು, ನೋಡಬೇಕಾದವರು ನೋಡಲಿ ಎಂದು ತೂಗಿದೆ. ಅಂಕಿ ನೂರಕ್ಕೆ ಎರಡನ್ನೂ ಮುಟ್ಟಲಿಲ್ಲ. ಮತ್ತೆ ತೂಗಿದೆ. ಮುಟ್ಟಲಿಲ್ಲ. ಎರಡು ಅವಮಾನವೇನಲ್ಲ ಅತ್ತೆ, ಎರಡನ್ನು ಮೂರು ಮಾಡಲು ಬದುಕು ಸವೆಸಿದವರಿದ್ದಾರೆ, ಅವರ ಪಾದಕ್ಕೆ ನಮಸ್ಕಾರ. ಎರಡಕ್ಕೆ ಎಂಟು ಎಂದು ಬಣ್ಣ ಹೊಡೆಸುವುದು ಅವಮಾನ. ಕತ್ತರಿ ಸಾಹೇಬರಿಗೆ ತೋರಿಸಿದೆ. ಓದಲಿಲ್ಲ. “ಅಮೋನಿಯಾದವರಿಗೆ ಪುಡಿಯವರ ಮೇಲೆ ಹೊಟ್ಟೆಕಿಚ್ಚು ಇದ್ದದ್ದೇ. ಗಂಡನ ಮೇಲೂ ಇಷ್ಟೊಂದಾ?” ಎಂದು ನಕ್ಕರು. ಅವರ ಸುತ್ತ ನಿಂತವರು ಸಾಹೇಬರ ನಗು ಎಷ್ಟು ಉದ್ದವೋ ಅಷ್ಟೇ ಉದ್ದ ನಕ್ಕು, ಅವರು ನಿಲ್ಲಿಸಿದಾಗ ನಿಲ್ಲಿಸಿದರು. ಇಂಥವರ ಕೈಯಲ್ಲಿ ನಾಡಿನ ಉರುವಲಿನ ಭವಿಷ್ಯ ಇದೆಯಂತೆ. ಇವರ ಕೈಗೆ ನಾನು ಬೆಂಕಿಪೆಟ್ಟಿಗೆಯನ್ನೂ ಕೊಡುವುದಿಲ್ಲ.

ಈಗ ನಿಮ್ಮ ಮಗನ ವಿಷಯ. ಪುಟ್ಟಿ, ನೀರು ಕುಡಿ. ಅವಘಡವಾದ ಮಾರನೇ ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತ, ಕನ್ನಡಿ ನೋಡಿಕೊಂಡು, ನನ್ನ ಮುಖ ನೋಡದೆ ಅವನೇ ಹೇಳಿದ: “ಗುಲಾಬಿ ಆಗಿತ್ತು ಕಣೇ. ನನಗೆ ಗೊತ್ತಿತ್ತು. ಅವಳೂ ಎರಡು ಸಲ ಹೇಳಿದ್ಲು. ಬಂದವರು ಹೋಗ್ಲಿ, ಆಮೇಲೆ ಕಾಯಿಸೋಣ ಅಂದೆ.” ಅಷ್ಟು ಹೇಳಿ ಮುಖ ಒರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ. ತಪ್ಪು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ ಅತ್ತೆ, ನಾವೆಲ್ಲ ಮಾಡುತ್ತೇವೆ. ಅದನ್ನು ಕನ್ನಡಿಗೆ ಹೇಳಿ ಮುಗಿಸಿದನಲ್ಲ, ಆ ಬೆನ್ನುಮೂಳೆಯಿಲ್ಲದ ನೆಮ್ಮದಿ ಕಂಡರೆ ನನಗೆ ಹೇಸಿಗೆ. ಅವಳನ್ನು ನೋಡಲು ಒಂದು ದಿನ ಆಸ್ಪತ್ರೆಗೆ ಹೋದ, ಹಣ್ಣು ತೆಗೆದುಕೊಂಡು. ಕಿತ್ತಳೆ. ಬಲಗೈ ತುಂಬ ಬ್ಯಾಂಡೇಜು ಸುತ್ತಿದವಳಿಗೆ ಸುಲಿದು ತಿನ್ನಬೇಕಾದ ಹಣ್ಣು. ಅಷ್ಟು ಯೋಚನೆ ನಿಮ್ಮ ಮಗನದು.

ಬರುವ ಶುಕ್ರವಾರ ಸಮಿತಿಯ ಮುಂದೆ ಅವನ ಹೇಳಿಕೆ. ಮಣಿಗಳು ಹೋದವು, ಉಳಿದಿರುವುದು ಅವನ ಬಾಯಿ ಒಂದೇ. ನನ್ನ ತೂಕಕ್ಕೆ “ಅದು ಬೇರೆ ಬ್ಯಾಚಿನ ಪುಡಿ” ಎನ್ನುತ್ತಾರೆ. ಅವನು ನನಗೆ ಹೇಳಿದ್ದನ್ನು ನಾನು ಹೇಳಿದರೆ ಗಂಡ ಹೆಂಡಿರ ಜಗಳ ಎನ್ನುತ್ತಾರೆ. ಅವನೇ ಬಾಯಿ ಬಿಟ್ಟು “ಗುಲಾಬಿ ಇತ್ತು” ಎಂದರೆ ಮಾತ್ರ ಆ ಹುಡುಗಿಯ ಮೇಲಿನ ಮಸಿ ಹೋಗುತ್ತದೆ.

ನಿಮಗೆ ಒಂದು ಮಾತು ಕೇಳಬೇಕು. ಮಂಜುಗಡ್ಡೆ ಕಾರ್ಖಾನೆಯಲ್ಲಿ ಪೈಪು ಒಡೆದು ನಿಮ್ಮ ಜೊತೆಯಾಕೆಯ ಗಂಟಲು ಸುಟ್ಟಾಗ, ಹೆಂಗಸರು ಹರಟೆ ಹೊಡೆಯುತ್ತ ವಾಲ್ವ್ ತಟ್ಟಿದರು ಎಂದು ಮಾಲೀಕ ಬರೆಸಿದನಂತೆ. ಹೆಬ್ಬೆಟ್ಟು ಒತ್ತಿ ಎಂದು ನಿಮ್ಮನ್ನು ಕೂರಿಸಿದಾಗ ನೀವು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, “ಕೈ ಕಡ್ಕೊಂಡು ಹೋಗಿ, ಒತ್ಕೊಳಿ” ಎಂದಿರಂತೆ. ಇದನ್ನು ನನಗೆ ಹೇಳಿದವರು ನೀವೇ, ಒಂದು ಸಲವಲ್ಲ, ನೆಂಟರು ಬಂದಾಗಲೆಲ್ಲ. ನಾನು ಹೆಮ್ಮೆಯಿಂದ ಕೇಳಿದ್ದೇನೆ. ಆ ಮುಷ್ಟಿ ಈಗ ಸಡಿಲವಾದದ್ದು ಹೇಗೆ ಅತ್ತೆ? ಆವತ್ತಿನ ಮಾಲೀಕ ಪರರ ಮನೆಯವನು, ಇವತ್ತು ಸುಳ್ಳಿನ ಪಕ್ಕ ನಿಂತವನು ಹೊಟ್ಟೆಯಲ್ಲಿ ಹುಟ್ಟಿದವನು, ಅಷ್ಟೇ ತಾನೆ ವ್ಯತ್ಯಾಸ? ನ್ಯಾಯ ಎನ್ನುವುದು ಪಕ್ಕದ ಮನೆಯವರಿಗೆ ಮಾತ್ರ ಹೇಳುವ ಬುದ್ಧಿಮಾತಾದರೆ, ಆವತ್ತು ಆ ಮಾತು ಕೂಗಿದ ಗಂಟಲಿಗೆ ಬೆಲೆ ಏನು?

ಇಷ್ಟು ಬರೆದ ಮೇಲೆ ಕೈ ನೋಯುತ್ತಿದೆ, ಆದರೂ ನೋವು ಎನ್ನಲು ನಾಚಿಕೆ. ರೇಡಿಯೋ ಈಗ ಎಡಗೈಯಲ್ಲಿ ಬರೆಯುವುದು ಕಲಿಯುತ್ತಿದ್ದಾಳೆ. ಅಕ್ಷರಗಳು ಕುಡಿದವರ ಹಾಗೆ ವಾಲುತ್ತವೆ, ಅದನ್ನು ನನಗೆ ತೋರಿಸಿ ಅವಳೇ ಗೇಲಿ ಮಾಡುತ್ತಾಳೆ. ನಾನು ಆ ವರದಿಗೆ ಸಹಿ ಹಾಕುವುದಿಲ್ಲ. ಇದು ನಿಮ್ಮ ಅಪ್ಪಣೆ ಕೇಳಿ ಬರೆದ ಕಾಗದವಲ್ಲ, ನಿಮ್ಮಿಂದ ನನಗೆ ಏನೂ ಬೇಕಾಗಿಲ್ಲ. ತಿಳಿದಿರಲಿ ಎಂದು ಬರೆದೆ, ಅಷ್ಟೇ.

ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಸಿನಿಮಾದವಳ ಹಾಗೆ ಕಾಣುತ್ತೇನೆ ಎಂದು ತೆಗೆದಿಡಬೇಡಿ. ಕಂಡರೆ ಕಾಣಲಿ. ಪುಟ್ಟಿಯ ಗಂಡನಿಗೆ ನನ್ನ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು. ಬೈದದ್ದೂ ನಾನೇ, ನಿಮ್ಮ ಕಾಲು ಮುಟ್ಟುವುದೂ ನಾನೇ.

ನೀವೇ ಇಟ್ಟ ಹೆಸರಿನ,
ನಿಮ್ಮ ಜಗಳಗಂಟಿ ಸೊಸೆ

ತಾ.ಕ.: ಕವರಿಗೆ ಅಂಟು ಹಚ್ಚಲು ಹೋದವಳು ಮತ್ತೆ ಬಿಚ್ಚಿ ಕೂತಿದ್ದೇನೆ, ಕೊರಿಯರ್ ಅಂಗಡಿ ಮುಚ್ಚುವ ಹೊತ್ತಾಯಿತು. ಪುಟ್ಟಿ, ಇದನ್ನು ನಿಧಾನವಾಗಿ ಓದು. ನಿಮ್ಮಿಂದ ಏನೂ ಬೇಡ ಎಂದದ್ದು ಸುಳ್ಳು. ನಿಮ್ಮ ಮಗ ಈಗಷ್ಟೇ ಅಡುಗೆಮನೆಗೆ ಬಂದು, “ಅಮ್ಮ ಫೋನ್ ಮಾಡಿದ್ರಾ?” ಎಂದು ಕೇಳಿ ಹೋದ. ಬೆಳಗ್ಗೆಯೂ ಕೇಳಿದ್ದ. ನಿಜ ಅವನ ನಾಲಿಗೆಯ ತುದಿಗೆ ಬಂದು ನಿಂತಿದೆ, ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಅದನ್ನು ನುಂಗಲು ಅವನಿಗೆ ಯಾರಾದರೂ ಹೇಳಬೇಕು, ಅದಕ್ಕಾಗಿ ನಿಮ್ಮನ್ನು ಕಾಯುತ್ತಿದ್ದಾನೆ. ನೀವು ಒಮ್ಮೆ “ಸುಮ್ನಿರು ಮಗಾ” ಎಂದರೆ ಸಾಕು, ಸಾಯುವವರೆಗೂ ಸುಮ್ಮನಿರುತ್ತಾನೆ. ಶುಕ್ರವಾರ ಕಳೆಯುವವರೆಗೆ ಫೋನ್ ಮಾಡಬೇಡಿ. ಅವನೇ ಮಾಡಿದರೆ ಎತ್ತಬೇಡಿ, ಕಣ್ಣು ನೋಯುತ್ತಿದೆ ಮಲಗಿದ್ದಾರೆ ಎಂದು ಪುಟ್ಟಿ ಹೇಳಲಿ. ಕರುಳು ತಡೆಯದಿದ್ದರೆ ಎತ್ತಿ, ಮಣಿ ಯಾವ ಬಣ್ಣ ಇತ್ತೋ ಎಂದು ಅದೊಂದೇ ಮಾತು ಕೇಳಿ ಇಟ್ಟುಬಿಡಿ. ಅವನು ಸುಮ್ಮನಿದ್ದುಬಿಟ್ಟರೆ ಅವನಿಗೆ ಹೆಸರು, ಕೆಲಸ, ಈ ಮನೆ ಎಲ್ಲ ಉಳಿಯುತ್ತವೆ, ನಾನು ಮಾತ್ರ ಉಳಿಯುವುದಿಲ್ಲ. ಇದನ್ನು ಅವನಿಗೆ ಹೇಳಿಲ್ಲ. ಹೆಂಡತಿ ಬಿಟ್ಟುಹೋಗುತ್ತಾಳೆ ಎಂದು ಹೆದರಿ ನಿಜ ಹೇಳುವ ಗಂಡಸು ನನಗೆ ಬೇಡ. ನೀವೂ ಹೇಳಬೇಡಿ.